ತೂಕಡಿಕೆ

ಬೈತಖೋಲ ಬಂದರದ ಮಂಜುಗಡ್ಡೆ ಕಾರ್ಖಾನೆಯಲ್ಲಿ
ಹದಿನೆಂಟು ವರ್ಷದಿಂದ ನಾನು ತೂಕದ ಗುಮಾಸ್ತೆ.
ಬುಟ್ಟಿಯ ತೂಕ ಕಳೆ, ನೀರಿನ ತೂಕ ಕಳೆ,
ಉಳಿದದ್ದು ಮೀನು. ಬರೆ.

ಈಗ ಜನ ನನ್ನನ್ನೇ ತೂಗುತ್ತಾರೆ.
"ಏನ್ ಉಜ್ವಲಾ, ಮೈಕೈ ತುಂಬಿಕೊಂಡು ಚಲೋ ಆಗಿದ್ದೀಯಲ್ಲ!"
ತಾಂಡೇಲರ ಸೊಸೆ, ಇಸವಣದ ಬೆನ್ನು ಸವರಿದ ಹಾಗೆ
ನನ್ನ ತೋಳು ಸವರಿ.
ಚಲೋ ಅಂದರೆ ದಪ್ಪ, ದಪ್ಪ ಅಂದರೆ ಸುಖ,
ಸುಖ ಅಂದರೆ, ಇನ್ನೇನು ಕಡಿಮೆ ಇವಳಿಗೆ, ಅಂತ.

ಹೋದ ಮಳೆಗಾಲ, ದೋಣಿಗಳೆಲ್ಲ ದಡ ಹತ್ತಿದ್ದಾಗ
ನಲವತ್ತಾರು ಕಿಲೋ ಇದ್ದೆ.
ಆಗ ಯಾರೂ ಸವರಲಿಲ್ಲ.
ಕಾರಣ ಕೇಳಬೇಡಿ. ಡಾಕ್ಟರೂ ಕೇಳಿ ಕೇಳಿ ಬಿಟ್ಟರು.
ಹುಳಿ ಹುಳಿ ಅನ್ನಿಸುತ್ತಿರಲಿಲ್ಲ, ಖಾರ ಖಾರ ಅನ್ನಿಸುತ್ತಿರಲಿಲ್ಲ,
ಬಾಂಗಡೆ ಸಾರು ಬಾಯೊಳಗೆ ಒದ್ದೆ ಬಟ್ಟೆ.
ತಂಗಿ ತಟ್ಟೆ ಇಟ್ಟು ಹೋಗುತ್ತಿದ್ದಳು,
ಇರುವೆಗಳು ಬಂದು ಉಂಡು ಹೋಗುತ್ತಿದ್ದವು.
ಕೋಡಿಬಾಗದ ಆ ಕೋಣೆಯಲ್ಲಿ ರಾತ್ರಿಯಿಡೀ
ಕಾಳಿ ಸೇತುವೆ ದಾಟುವ ಲಾರಿಗಳನ್ನು
ಸದ್ದಿನಲ್ಲೇ ಎಣಿಸುತ್ತಿದ್ದೆ.

ಆಮೇಲೆ ಈ ಗುಳಿಗೆ.
ಕಿರುಬೆರಳ ಉಗುರಿಗಿಂತ ಚಿಕ್ಕದು;
ನಮ್ಮ ತಕ್ಕಡಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.
ಇಟ್ಟು ನೋಡಿದ್ದೇನೆ. ಸೊನ್ನೆ.

ಮೊದಲ ರಾತ್ರಿಯೇ ತೂಕಡಿಕೆ ಬಂತು,
ಯಾರೋ ತೊಟ್ಟಿಲು ತೂಗಿದ ಹಾಗೆ.
ಎಂಟನೆಯ ದಿನ ಹಸಿವು. ಅದೇನು ಹಸಿವು!
ನಡುರಾತ್ರಿ, ದೀಪ ಹಾಕದೆ, ನಿಂತೇ
ತಣ್ಣಗಿನ ಅನ್ನಕ್ಕೆ ಬೆಲ್ಲ ಕಲಸಿ ತಿಂದೆ,
ಬೇಕರಿಯ ಬನ್ನು, ತಂಗಿಯ ಮಗನ ಡಬ್ಬಿಯ ಬಿಸ್ಕೀಟು,
ಬೆರಳಿಗಂಟಿದ ಬರೀ ಸಕ್ಕರೆ.
ಆರು ತಿಂಗಳಲ್ಲಿ ಹದಿನೇಳು ಕಿಲೋ, ಕಂತು ಕಂತಾಗಿ.

ತೂಕಡಿಕೆ ಎಂಬ ಮಾತಿನೊಳಗೇ ತೂಕ ಕೂತಿತ್ತು.
ಗುಮಾಸ್ತೆಯಾಗಿ ನನಗೇ ಕಾಣಲಿಲ್ಲ.

ಡಾಕ್ಟರ್ ಪೆಡ್ನೇಕರ ಬಾಯಿ ಕನ್ನಡಕ ತೆಗೆದಿಟ್ಟು ಹೇಳಿದರು:
"ಒಂದೇ ಕಾರಣ ಅಲ್ಲ. ತಲೆಯೊಳಗೆ
ಸಂಕಟವೂ ನಿದ್ದೆಯೂ ಹಸಿವೂ ಒಂದೇ ಓಣಿಯವರು.
ಗುಳಿಗೆ ಒಂದು ಬಾಗಿಲು ತಟ್ಟಲು ಹೋಗಿ
ಪಕ್ಕದ ಬಾಗಿಲನ್ನೂ ತಟ್ಟುತ್ತದೆ.
'ಸಾಕು' ಅನ್ನುವವನೂ ಅಲ್ಲೇ ಇರುವುದು, ಅವನಿಗೂ ಜೊಂಪು.
ಕೆಲವರಿಗೆ ಹೀಗೆ. ಕೆಲವರು ಇಳಿಯುತ್ತಾರೆ. ಕೆಲವರಿಗೆ ಏನೂ ಆಗದು.
ಮತ್ತೆ, ಹದಿನೇಳರಲ್ಲಿ ಒಂದಷ್ಟು ನಿನ್ನದೇ ಮಾರಾಯ್ತಿ,
ಕಾಯಿಲೆ ಒಯ್ದದ್ದು, ತಿರುಗಿ ಬಂದದ್ದು."
ಎಷ್ಟು, ಅಂದೆ.
ಅದನ್ನು ಬೇರೆ ಮಾಡಿ ತೂಗಲು ಬರುವುದಿಲ್ಲ, ಅಂದರು.

ಬುಟ್ಟಿ ಕಳೆದು ಬರೆಯುವವಳ ಮುಂದೆ
ಹೇಳುವ ಮಾತೇ ಅದು?

ಮಾಘದಲ್ಲಿ ಅಣ್ಣನ ಮಗಳ ಮದುವೆ.
ಹಸಿರು ರವಿಕೆ ಮೊಣಕೈ ದಾಟಲಿಲ್ಲ.
ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ.
ತಲೆಯೊಳಗೆ ಕರೆಂಟು ಚುರುಕ್, ಚುರುಕ್.
ಹನ್ನೆರಡನೆಯ ಬೆಳಿಗ್ಗೆ ನಲವತ್ತು ಬುಟ್ಟಿ ತಾರ್ಲೆ
ಸಾಲಾಗಿ ಇಳಿದಿದ್ದವು. ಪೆನ್ನು ಹಿಡಿದು ನಿಂತೇ ಇದ್ದೆ.
ಮಂಜುಗಡ್ಡೆ ಕರಗುತ್ತಿತ್ತು.
ಕರಗಲಿ, ಅನ್ನಿಸಿತು.
ಹಾಗನ್ನಿಸಿದ್ದಕ್ಕೇ ಹೆದರಿ ಆಸ್ಪತ್ರೆಗೆ ಓಡಿದೆ.

ಬಾಯಿ ಬಯ್ಯಲಿಲ್ಲ. "ಬದಲಿಸೋಣ. ನಿಧಾನ.
ಹೀಗೆ ನೀನೇ ಬಿಡಬೇಡ" ಅಂದರು ಅಷ್ಟೇ.

ಬಂದರಿನ ಮೋತೇಶ ಸಮಾಧಾನ ಹೇಳಿದ:
ಖಾಲಿ ದೋಣಿ ಹೊಯ್ದಾಡುತ್ತದೆ, ಉಜ್ವಲಕ್ಕಾ,
ಅಡಿಯಲ್ಲಿ ಭಾರ ಬೇಕು.
ನಾನು ದೋಣಿ ಅಲ್ಲವೋ, ಅಂದೆ.
ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ,
ದೋಣಿಗೆ ಮೊಣಕಾಲಿಲ್ಲ.

ದರ್ಜಿ ದುರ್ಗೇಕರ ರವಿಕೆ ತಿರುವಿ ನೋಡಿದ.
ಒಳಗೆ ಮಡಚಿ ಹೊಲಿದಿದ್ದ ಬಟ್ಟೆ ಬಿಚ್ಚಿದ.
ಅಲ್ಲಿ ಹಸಿರು ಇನ್ನೂ ಮೊದಲಿನಷ್ಟೇ ಹಸಿರು.
ಹೊರಗಿನದು ಮಾಸಿದ್ದು ಗೊತ್ತಾದದ್ದು ಆಗಲೇ.
ಎರಡು ಬಣ್ಣ ಕಾಣುತ್ತದಲ್ಲ, ಅಂದ.
ಕಾಣಲಿ, ಅಂದೆ.

ಹಾಗೇ ಉಟ್ಟು ಹೋದೆ. ಪಂಕ್ತಿಯಲ್ಲಿ ಕೂತೆ.
ಸೋಲಕಡಿಗೆ ಹುಳಿ ಹೆಚ್ಚಾಗಿತ್ತು.
ಬಡಿಸುವವನನ್ನು ಕರೆದು ಹೇಳಿದೆ, ಜೋರಾಗಿಯೇ:
ಹುಳಿ ಹೆಚ್ಚಾಗಿದೆ ಮಾರಾಯಾ.